ನಂಜಮ್ಮನ ಹೆಸರಿಗೊಂದು ಆಕ್ಷೇಪಣೆ

ಶಂಕರ ಮೇಷ್ಟ್ರು ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ಸುಕನ್ಯಾ ಮದುವೆ ಬ್ಲೌಸೊಂದಕ್ಕೆ ತೋಳು ಕೂಡಿಸುತ್ತಿದ್ದಳು. ಮೂಡಿಗೆರೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹದಿನೆಂಟು ವರ್ಷದಿಂದ ಅವಳ ಹೊಲಿಗೆ ಅಂಗಡಿಯಿತ್ತು. ಮೇಷ್ಟ್ರು ಹೈಸ್ಕೂಲಿನಲ್ಲಿ ಅವಳಿಗೆ ಪಾಠ ಹೇಳಿದವರು. ನಿವೃತ್ತರಾದ ಮೇಲೆ ತಾಲ್ಲೂಕಿನ ಹಳೇ ಸಂಗತಿಗಳನ್ನು ಹುಡುಕಿ ಬರೆದಿಡುವುದನ್ನೇ ಕೆಲಸ ಮಾಡಿಕೊಂಡಿದ್ದರು.

"ತಗೊಂಡ್ರು ಕಣಮ್ಮ," ಎಂದರು, ಕೂರುವ ಮೊದಲೇ. "ಪಟ್ಟಣ ಪಂಚಾಯಿತಿ ಸಭೇಲಿ ಇವತ್ತು ವಿಷಯ ತಗೊಂಡ್ರು. ಪಾರ್ಕಿಗೆ ನಿಮ್ಮಜ್ಜಿ ಹೆಸರು."

ಸುಕನ್ಯಾ ಮಷೀನಿನ ಚಕ್ರಕ್ಕೆ ಅಂಗೈ ಒತ್ತಿ ನಿಲ್ಲಿಸಿದಳು. "ಕಾಫಿ ತರಿಸ್ಲಾ ಸಾರ್?" ಎಂದಳು.

ಆ ಪಾರ್ಕಿಗೆ ಐವತ್ತು ವರ್ಷದಿಂದ ಬೊಮ್ಮಯ್ಯ ಗೌಡರ ಹೆಸರಿತ್ತು. ಬಾಳೂರಿನಿಂದಾಚೆ ಹುಲ್ಲಹಕ್ಲು ಎಸ್ಟೇಟಿನ ಮಾಲೀಕರಾಗಿದ್ದ ಅವರು ಅದಕ್ಕೆ ಸುತ್ತುಗೋಡೆ ಕಟ್ಟಿಸಿಕೊಟ್ಟು, ಬೆಂಚು ಹಾಕಿಸಿದ್ದರು. ಆದರೆ ಪಾರ್ಕು ಆಗುವುದಕ್ಕಿಂತ ಮುಂಚೆ ಅದೇ ಜಾಗದಲ್ಲಿ ಒಂದು ಹೆಂಚಿನ ಔಷಧಾಲಯ ಇತ್ತು. ಚಳಿಜ್ವರ ಎಸ್ಟೇಟಿನ ಲೈನುಗಳನ್ನೇ, ಅಂದರೆ ಕೂಲಿಗಳ ಸಾಲುಮನೆಗಳನ್ನೇ, ಖಾಲಿ ಮಾಡುತ್ತಿದ್ದ ಕಾಲದಲ್ಲಿ ಕೂಲಿ ಹೆಂಗಸಾಗಿದ್ದ ಸುಕನ್ಯಾಳ ಅಜ್ಜಿ ನಂಜಮ್ಮ ಅಲ್ಲಿಂದ ಕ್ವಿನೈನ್ ಮಾತ್ರೆಗಳನ್ನು ಬಟ್ಟೆ ಚೀಲದಲ್ಲಿ ಹೊತ್ತು, ನಡೆದುಕೊಂಡೇ ಹೋಗಿ, ಲೈನು ಲೈನಿಗೆ ಹಂಚಿ ಬರುತ್ತಿದ್ದಳು. ಕೆಲವು ಮನೆಗಳ ಅಂಗಳಕ್ಕೆ ಅವಳು ಕಾಲಿಡುವಂತಿರಲಿಲ್ಲ. ಮಾತ್ರೆಯನ್ನು ಹೊರಗಿನ ಕಲ್ಲಿನ ಮೇಲಿಟ್ಟು, ದೂರ ಸರಿದು ನಿಂತು, ಯಾವ ಹೊತ್ತಿಗೆ ಎಷ್ಟು ನುಂಗಬೇಕೆಂದು ಕೂಗಿ ಹೇಳುತ್ತಿದ್ದಳು. ಹದಿನಾರು ವರ್ಷ ಹಾಗೆ ನಡೆದಳು. ಔಷಧಾಲಯದ ಹಳೆಯ ರಿಜಿಸ್ಟರಿನಲ್ಲಿ ಸಾಲುಸಾಲು ಅವಳ ಹೆಬ್ಬೆಟ್ಟಿನ ಗುರುತುಗಳನ್ನು ನೋಡಿದ ದಿನದಿಂದ ಮೇಷ್ಟ್ರು ಬೆನ್ನು ಬಿದ್ದಿದ್ದರು. ಪಾರ್ಕನ್ನು ಹೊಸದು ಮಾಡುವ ಮಾತು ಬಂದಾಗ ಅರ್ಜಿ ಕೊಟ್ಟವರೂ ಅವರೇ.

"ಮೂವತ್ತು ದಿನ ಪ್ರಕಟಣೆ ಹಾಕ್ತಾರೆ," ಎಂದರು ಮೇಷ್ಟ್ರು. "ಯಾರ್ದಾದ್ರೂ ಆಕ್ಷೇಪಣೆ ಇದ್ರೆ ಬರೆದು ಕೊಡ್ಬೇಕು. ಆಮೇಲೆ ಎಲ್ಲರ್ನೂ ಕರೆಸಿ ಕೇಳಿ, ಮೆಂಬರುಗಳು ಕೈ ಎತ್ತೋದು. ನಿಮ್ಮ ಕಡೆಯಿಂದ ಎರಡೇ. ಅಜ್ಜಿದೊಂದು ಫೋಟೋ, ನಿಮ್ಮಮ್ಮಂದೊಂದು ಒಪ್ಪಿಗೆ ಪತ್ರ."

ಸುಕನ್ಯಾ ಅಂದು ಅರ್ಧಕ್ಕೇ ಅಂಗಡಿ ಮುಚ್ಚಿದಳು. ಮನೆಗೆ ನಡೆದು ಹೋಗುವಾಗ ಪಾರ್ಕಿನ ಗೇಟಿನ ಮುಂದೆ ನಿಂತು ಬೋರ್ಡನ್ನು ನೋಡಿದಳು. ಅವಳು ಚಿಕ್ಕವಳಿದ್ದಾಗ ಅಜ್ಜಿ ಬದುಕಿದ್ದಳು. ಯಾವಾಗ ನೋಡಿದರೂ ಅಂಗಳ ಗುಡಿಸುತ್ತಲೋ, ಕಟ್ಟಿಗೆ ಜೋಡಿಸುತ್ತಲೋ ಇರುತ್ತಿದ್ದ ಸಣಕಲು ಮುದುಕಿ. ಅವಳು ಇಷ್ಟು ದೊಡ್ಡವಳೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ತಾಯಿ ಸರೋಜಮ್ಮ ವಿಷಯ ಕೇಳಿ ಮೊರದಿಂದ ತಲೆ ಎತ್ತಲಿಲ್ಲ.

"ಬೇಡ ಅನ್ನು," ಎಂದಳು.

"ಎಂತದು ಬೇಡ?"

"ಹೆಸರೂ ಬೇಡ, ಫೋಟೋನೂ ಬೇಡ. ಸತ್ತು ಮೂವತ್ತು ವರ್ಷದ ಮೇಲಾಯ್ತು. ಅವಳ ಪಾಡಿಗೆ ಅವಳಿರ್ಲಿ."

"ಅಮ್ಮ, ಊರವ್ರೇ ಇಡ್ತೀವಿ ಅಂತಿದಾರೆ. ನಾವು ಕೇಳ್ಕೊಂಡು ಹೋಗಿಲ್ಲ."

ಸರೋಜಮ್ಮ ಅಕ್ಕಿಯಲ್ಲಿದ್ದ ಕಲ್ಲೊಂದನ್ನು ಆರಿಸಿ ಬಾಗಿಲಾಚೆ ಎಸೆದಳು. "ನಾನು ಹೆಬ್ಬೆಟ್ಟು ಒತ್ತಲ್ಲ. ಇನ್ನೊಂದ್ಸಲ ಕೇಳ್ಬೇಡ."

ಸುಕನ್ಯಾ ಮತ್ತೆ ಮತ್ತೆ ಕೇಳಿದಳು. ವಾರ ಕಳೆದರೂ ತಾಯಿ ಜಗ್ಗಲಿಲ್ಲ. ಅವಳ ಹಠಕ್ಕೆ ಕಾರಣವೇ ತಿಳಿಯದೆ ಸುಕನ್ಯಾಳಿಗೆ ತಲೆ ಕೆಟ್ಟುಹೋಯಿತು. ನಮ್ಮ ಮನೆ ಹೆಸರು ಮೊದಲ ಸಲ ಗೋಡೆ ಮೇಲೆ ಬರುತ್ತಿರುವಾಗ ಇವಳಿಗೇನು ಸಂಕಟ? ಕೊನೆಗೆ ಒಪ್ಪಿಗೆ ಪತ್ರಕ್ಕೆ ಮೊಮ್ಮಗಳೆಂದು ಅವಳೇ ಸಹಿ ಹಾಕಿ ಕೊಟ್ಟಳು. ಫೋಟೋ ಇದ್ದದ್ದು ತಾಯಿಯ ಟ್ರಂಕಿನಲ್ಲಿ. ಬೀಗದ ಕೈ ತಾಯಿಯ ಸೊಂಟದಲ್ಲಿತ್ತು.

ಆ ಮೂವತ್ತು ದಿನ ಅವಳಿಗೆ ಒಂದು ಕಡೆ ಕೂರಲು ಆಗಲಿಲ್ಲ. ಅಳತೆ ತೆಗೆದುಕೊಂಡು ಬರೆಯುವುದನ್ನು ಮರೆತಳು. ಒಬ್ಬರ ಬ್ಲೌಸಿನ ಬಟ್ಟೆಗೆ ಇನ್ನೊಬ್ಬರ ಕುತ್ತಿಗೆ ಕತ್ತರಿಸಿದಳು. ದಿನಕ್ಕೊಂದು ಸಲ ನೆಪ ಮಾಡಿಕೊಂಡು ಪಂಚಾಯಿತಿ ಕಚೇರಿಗೆ ಹೋಗಿ, "ಏನಾದ್ರೂ ಬಂತಾ?" ಎಂದು ಕೇಳಿ ಬರುತ್ತಿದ್ದಳು. ಗಂಡ ಬಾಲರಾಜ್ ಬಾಳೂರಿನ ಎಸ್ಟೇಟುಗಳಿಗೆ ಜೀಪು ಓಡಿಸುತ್ತಿದ್ದ. "ನಿಂಗೆ ಪಾರ್ಕಿನ ಜ್ವರ ಬಂದಿದೆ ಮಾರಾಯ್ತಿ," ಎಂದು ನಗುತ್ತಿದ್ದ.

ಎರಡನೆಯ ವಾರದಲ್ಲಿ ಬೊಮ್ಮಯ್ಯ ಗೌಡರ ಮೊಮ್ಮಗ ಧರ್ಮೇಶ್ ಅಂಗಡಿಗೇ ಬಂದ. ಐವತ್ತರ ಆಸುಪಾಸಿನ ಮನುಷ್ಯ. ಜಗಳಕ್ಕೆ ಬಂದವನಂತೆ ಕಾಣಲಿಲ್ಲ.

"ನಾನು ಆಕ್ಷೇಪಣೆ ಕೊಟ್ಟಿದೀನಿ. ನಿಮಗೆ ಬೇರೆಯವರಿಂದ ಗೊತ್ತಾಗೋದು ಬೇಡ ಅಂತ ಹೇಳೋಕೆ ಬಂದೆ," ಎಂದ. "ನಿಮ್ಮಜ್ಜಿ ಬಗ್ಗೆ ಒಂದು ಮಾತು ಬರ್ದಿಲ್ಲ. ನಮ್ಮಜ್ಜ ಊರಿಗೆ ಅಂತ ಮಾಡಿದ್ದು ಅದೊಂದೇ. ಅದನ್ನೂ ಕಿತ್ತು ಹಾಕಿದ್ರೆ ಹೇಗೆ? ಬೇರೆ ರಸ್ತೆಗೋ, ಬಸ್ ಸ್ಟ್ಯಾಂಡಿಗೋ ಇಡ್ಲಿ. ನಾನೇ ಬಂದು ಹಾರ ಹಾಕ್ತೀನಿ."

"ಅಜ್ಜಿ ಮಾತ್ರೆ ತಗೊಂಡು ಹೊರಡ್ತಾ ಇದ್ದದ್ದು ಅಲ್ಲಿಂದ, ಸಾರ್. ಬಸ್ ಸ್ಟ್ಯಾಂಡಿಂದ ಅಲ್ಲ."

"ಅದೂ ಸರಿ," ಎಂದು ಹೊರಟುಹೋದ.

ಅವನ ಆಕ್ಷೇಪಣೆ ನಿರೀಕ್ಷಿಸಿದ್ದೇ ಆಗಿತ್ತು. ಇಪ್ಪತ್ತಾರನೆಯ ದಿನ ಬಂದದ್ದು ಹಾಗಿರಲಿಲ್ಲ. ಹೊರನಾಡಿನಿಂದ ರಿಜಿಸ್ಟರ್ಡ್ ಟಪಾಲಿನಲ್ಲಿ ಬಂದ ಒಂದು ಹಾಳೆ. ದುಂಡನೆಯ ಅಕ್ಷರ, ಕೆಳಗೆ ಹೆಬ್ಬೆಟ್ಟು. 'ಪಾರ್ಕಿಗೆ ನಂಜಮ್ಮನ ಹೆಸರು ಇಡಬಾರದು. ಯಾರ ಹೆಸರಾದರೂ ಇಡಿ, ಅವಳದು ಬೇಡ. ಕಾರಣ ಎದುರಿಗೆ ಬಂದು ಹೇಳುತ್ತೇನೆ. ಕೃಷ್ಣಮ್ಮ, ವಯಸ್ಸು ಎಂಬತ್ತೆರಡು.'

ಶಂಕರ ಮೇಷ್ಟ್ರು ಅದನ್ನು ಓದಿ, "ಇದು ಗೌಡ್ರ ಮನೆಯವರ ಕೈವಾಡ," ಎಂದರು. ಸುಕನ್ಯಾಳಿಗೂ ಹಾಗೆಯೇ ಅನ್ನಿಸಿತು. ಅನ್ನಿಸಿದರೂ ಸುಮ್ಮನಿರಲಾಗಲಿಲ್ಲ. ಮರುದಿನ ಬೆಳಿಗ್ಗೆಯೇ ಗಂಡನ ಜೀಪು ಹತ್ತಿದಳು.

ಕೊಟ್ಟಿಗೆಹಾರ ದಾಟಿ, ಬಾಳೂರು ದಾಟಿ, ಕಳಸದ ತಿರುವುಗಳನ್ನೆಲ್ಲ ಸುತ್ತಿ ಹೊರನಾಡು ಸೇರುವಷ್ಟರಲ್ಲಿ ಹನ್ನೊಂದು ಗಂಟೆಯಾಗಿತ್ತು. ಕೃಷ್ಣಮ್ಮ ಇದ್ದದ್ದು ಮೊಮ್ಮಗಳು ಮೇಘಶ್ರೀಯ ಜೊತೆ, ದೇವಸ್ಥಾನದ ರಸ್ತೆಯಿಂದ ಕೆಳಗಿಳಿದರೆ ಸಿಗುವ ಎರಡು ಕೋಣೆಯ ಮನೆಯಲ್ಲಿ. ಮೇಘಶ್ರೀ ಲಾಡ್ಜೊಂದರಲ್ಲಿ ಕೆಲಸಕ್ಕಿದ್ದಳು. ಆಗ ತಾನೇ ಹೊರಟು ನಿಂತಿದ್ದಳು. "ಮೂಡಿಗೆರೆಯಿಂದ ಬಂದಿದಾರೆ ಅಜ್ಜಿ, ಪಾರ್ಕಿನ ವಿಷಯಕ್ಕೆ," ಎಂದು ಕೂಗಿ ಹೇಳಿ ಹೋದಳು. ಬಾಲರಾಜ್ ಜೀಪಿನಲ್ಲೇ ಉಳಿದ.

ಕೃಷ್ಣಮ್ಮ ಜಗುಲಿಯಲ್ಲಿ ಗೋಣಿ ಹಾಸಿಕೊಂಡು ಒಣಗಿದ ಕಾಳುಮೆಣಸಿನ ಗೊಂಚಲು ಬಿಡಿಸುತ್ತಿದ್ದಳು. ಗಟ್ಟಿ ಮುದುಕಿ. ಸುಕನ್ಯಾ ತಾನು ಯಾರೆಂದು ಹೇಳಲಿಲ್ಲ. ಹೇಳಬೇಕೆಂದುಕೊಂಡೇ ಬಂದಿದ್ದಳು, ಬಾಯಿ ಬರಲಿಲ್ಲ.

"ಆಕ್ಷೇಪಣೆ ಯಾರು ಬರೆಸಿದ್ದು ಅಜ್ಜಿ?"

"ಬರೆಸೋಕೆ ಯಾರು ಬೇಕು? ಪೇಪರಲ್ಲಿ ಬಂದದ್ದನ್ನ ಮೇಘಾ ಓದಿದ್ಲು. ನಾನು ಹೇಳ್ದೆ, ಅವಳು ಬರೆದ್ಲು."

"ಧರ್ಮೇಶ್ ಗೌಡ್ರ ಕಡೆಯವ್ರು ಯಾರಾದ್ರೂ..."

"ಯಾವ ಧರ್ಮೇಶ?" ಎಂದು ಕೃಷ್ಣಮ್ಮ ಅವಳ ಮುಖ ನೋಡಿದಳು. "ನಂಗೆ ಯಾರೂ ಹೇಳ್ಕೊಡೋದು ಬೇಡ ತಾಯಿ. ಎಪ್ಪತ್ತೈದು ವರ್ಷದಿಂದ ಬಾಯಿಪಾಠ ಆಗಿದೆ."

ಆಮೇಲೆ ಕೈ ನಿಲ್ಲಿಸದೆಯೇ ಹೇಳಿದಳು. ಆಗ ಅವಳಿಗೆ ಏಳು ವರ್ಷ. ಹುಲ್ಲಹಕ್ಲು ಎಸ್ಟೇಟಿನ ಕೆಳಗಿನ ಲೈನಿನಲ್ಲಿ ಒಂಬತ್ತು ಮನೆಗಳು. ಲೈನಿಗೂ ದಾರಿಗೂ ನಡುವೆ ಒಂದು ಹಳ್ಳ, ಅದನ್ನು ದಾಟಲು ಮರದ ದಿಮ್ಮಿಯ ಸಂಕ. ಪ್ರತಿ ಮಂಗಳವಾರ ನಂಜಮ್ಮ ಮಾತ್ರೆ ತರುತ್ತಿದ್ದಳು. ಆ ಮಳೆಗಾಲ ಲೈನಿಗೆ ಲೈನೇ ಮಲಗಿತ್ತು. ಕೃಷ್ಣಮ್ಮನ ಅವ್ವನಿಗೆ ನಡುಕ ಹತ್ತಿ ಐದು ದಿನವಾಗಿತ್ತು. ಎದ್ದು ಓಡಾಡುವ ಮಕ್ಕಳೆಲ್ಲ ಸಂಕದ ಬಳಿ ಕಾದು ನಿಂತಿದ್ದರು.

"ಬಂದ್ಲು. ಆಚೆ ದಡದಲ್ಲಿ ನಿಂತ್ಲು. ಬೆನ್ನ ಮೇಲೊಂದು ಕೂಸು ಕಟ್ಕೊಂಡಿದ್ಲು. ನಮ್ಮನ್ನ ನೋಡಿದ್ಲು. ಸಂಕಕ್ಕೆ ಒಂದು ಕಾಲಿಟ್ಲು, ತೆಗೆದ್ಲು. ಹಿಂದಕ್ಕೆ ತಿರುಗಿ ಹೊರಟೇಬಿಟ್ಲು. ನಾನು ಕೂಗ್ದೆ. ನಂಜಕ್ಕಾ, ನಂಜಕ್ಕಾ ಅಂತ ಗಂಟ್ಲು ಹರಿಯೋ ಹಂಗೆ ಕೂಗ್ದೆ. ಕೇಳಿಸ್ತು ಅವಳಿಗೆ. ಕೇಳಿಸಿದ್ದು ನಂಗೆ ಗೊತ್ತು; ಅವಳ ಭುಜ ಹಿಂಗೆ ಆಯ್ತು." ಕೃಷ್ಣಮ್ಮ ಭುಜಗಳನ್ನು ಕಿವಿಯವರೆಗೆ ಎತ್ತಿ ತೋರಿಸಿದಳು. "ಮತ್ತೆ ಬಂದದ್ದು ಮೂರು ವಾರ ಕಳೆದು. ಅಷ್ಟರಲ್ಲಿ ಹನ್ನೊಂದು ಜನ ಹೋಗಿದ್ರು. ಅದ್ರಲ್ಲಿ ನಮ್ಮವ್ವ. ಅವ್ವನ ಹಿಂದೆ ನನ್ನ ತಮ್ಮ."

ಸುಕನ್ಯಾ ಗೋಣಿಯ ಅಂಚಿಗೆ ಸರಿದು ಕುಳಿತಳು. "ಯಾಕೆ ಹಂಗೆ ಮಾಡಿದ್ಲು?" ಎಂದು ಕೇಳಿದಳು.

"ನೀನು ಅವಳ ಮೊಮ್ಮಗಳಲ್ವಾ?" ಎಂದಳು ಕೃಷ್ಣಮ್ಮ, ಮೆಲ್ಲಗೆ. "ಜಗುಲಿ ಹತ್ತುವಾಗ್ಲೇ ಅಂದ್ಕೊಂಡೆ. ಗಲ್ಲ ಅವಳ್ದೇ. ಯಾಕೆ ಅಂತ ನೀನು ನಂಗೆ ಹೇಳ್ಬೇಕು. ನಾನು ನಿಂಗಲ್ಲ."

ವಾಪಸು ಬರುವಾಗ ಏನಾಯಿತೆಂದು ಬಾಲರಾಜ್ ಎರಡು ಸಲ ಕೇಳಿದ. "ಆಮೇಲೆ ಹೇಳ್ತೀನಿ," ಎಂದಳು ಸುಕನ್ಯಾ.

ಮರುದಿನ ಬೆಳಿಗ್ಗೆ ತಾಯಿ ಒಗೆಯುವ ಕಲ್ಲಿನ ಬಳಿ ಇದ್ದಾಗ ಅವಳು ಹೋಗಿ ಎದುರಿಗೆ ಕುಳಿತಳು.

"ಹುಲ್ಲಹಕ್ಲು ಲೈನಿನ ಕೃಷ್ಣಮ್ಮ ಅಂತ. ಹೊರನಾಡಲ್ಲಿದಾರೆ. ನೋಡಿ ಬಂದೆ."

ಸರೋಜಮ್ಮನ ಕೈಯಲ್ಲಿದ್ದ ಬಟ್ಟೆ ಹಾಗೆಯೇ ನಿಂತಿತು.

"ಅಲ್ಲಿ ಯಾರೂ ಉಳಿದಿಲ್ಲ ಅಂದ್ಕೊಂಡಿದ್ದೆ," ಎಂದಳು.

ಸುಕನ್ಯಾ ಹುಟ್ಟಿದ ಹದಿನಾರನೆಯ ದಿನ ನಂಜಮ್ಮ ಬಾಣಂತಿ ಮಗಳ ಪಕ್ಕದಲ್ಲಿ ಕುಳಿತು ಇದನ್ನು ಹೇಳಿದ್ದಳಂತೆ. ಆ ವಾರ ಔಷಧಾಲಯಕ್ಕೇ ಮಾತ್ರೆ ಸರಿಯಾಗಿ ಬಂದಿರಲಿಲ್ಲ. ಕೆಳಗಿನ ಲೈನಿಗೆಂದು ಸಿಕ್ಕಿದ್ದು ಒಂದು ಸಣ್ಣ ಪೊಟ್ಟಣ, ಮುಂದಿನದು ಬಂದದ್ದು ಮೂರು ವಾರಕ್ಕೆ. ಅದೇ ದಿನ ಎರಡು ವರ್ಷದ ಸರೋಜಳಿಗೆ ಜ್ವರ ಏರಿ ಕಣ್ಣು ಮೇಲಾಯಿತು. ಇದಕ್ಕೆ ಮುಂಚೆ ನಂಜಮ್ಮನ ಎರಡು ಮಕ್ಕಳು ಅದೇ ಜ್ವರಕ್ಕೆ ಹೋಗಿದ್ದವು. ಮಾತ್ರೆ ಅರೆದು ಬೆಲ್ಲದಲ್ಲಿ ಕಲಸಿ ಕೂಸಿಗೆ ತಿನ್ನಿಸಿದಳು. ಮೂರನೆಯ ದಿನ ಜ್ವರ ಇಳಿಯಿತು.

"ಉಳಿದ ಮಾತ್ರೆ?" ಎಂದಳು ಸುಕನ್ಯಾ. "ಎರಡು ವರ್ಷದ ಮಗುಗೆ ಎಷ್ಟು ಬೇಕು ಅಮ್ಮ? ಉಳಿದದ್ದು?"

"ಅದನ್ನೇ ಅವಳು ನಂಗೆ ಹೇಳಿದ್ದು. ಮತ್ತೆ ಬಂದ್ರೆ ಅನ್ನೋ ಹೆದರಿಕೆಗೆ ಅಕ್ಕಿ ಮಡಕೇಲಿ ಹುಗಿದಿಟ್ಲು. ಕೊಟ್ಟಿದ್ರೆ ನಾಕು ಜನ ಉಳೀತಿದ್ರೋ, ಐದು ಜನ ಉಳೀತಿದ್ರೋ. ಮಾತ್ರೆ ಇಲ್ಲ ಅಂತ ಹೇಳ್ಬೇಕು ಅಂತ ಹಳ್ಳದ ತನಕ ಹೋದ್ಲಂತೆ. ಆ ಮಕ್ಕಳ ಮುಖ ನೋಡಿ ಸುಳ್ಳು ಬಾಯಿಗೆ ಬರ್ಲಿಲ್ಲ. ನಿಜಾನೂ ಬರ್ಲಿಲ್ಲ." ಸರೋಜಮ್ಮ ಬಟ್ಟೆಯನ್ನು ಹಿಂಡಿದಳು, ನೀರೇ ಇಲ್ಲದಿದ್ದರೂ ಇನ್ನೊಮ್ಮೆ ಹಿಂಡಿದಳು. "ಆಮೇಲೆ ಅವಳು ಕೂತದ್ದನ್ನ ಯಾರೂ ನೋಡ್ಲಿಲ್ಲ. ಇನ್ನೂ ಹದಿನಾಲ್ಕು ವರ್ಷ ನಡೆದ್ಲು. ಊರವ್ರು ಪುಣ್ಯಾತ್ಗಿತ್ತಿ ಅಂದ್ರೆ ಅವಳಿಗೆ ಸಿಟ್ಟು ಬರ್ತಿತ್ತು. ಇಂಥವಳ ಹೆಸರು ಗೇಟಿಗೆ ಹಾಕ್ತೀನಿ ಅಂದ್ರೆ ನಾನು ಹೆಂಗೆ ಹೂಂ ಅನ್ಲಿ? ಆ ಮಾತ್ರೆ ತಿಂದೋಳು ನಾನು."

ವಿಚಾರಣೆಗೆ ಇನ್ನು ಆರು ದಿನವಿತ್ತು. ಸುಕನ್ಯಾ ಶಂಕರ ಮೇಷ್ಟ್ರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಸಾರ್."

"ಹೇಳ್ಬೇಡ. ಹದಿನಾರು ವರ್ಷದಲ್ಲಿ ಮೂರು ವಾರ ಅದು. ನಾಳೆ ಇದು ಹೊರಗೆ ಬಂದ್ರೆ, ನಡೆದದ್ದೆಲ್ಲ ಹೋಗಿ ಇದೊಂದೇ ಉಳೀತದೆ. ನಮ್ಮ ಹೆಂಗಸರಲ್ಲಿ ಒಬ್ಬಳ ಹೆಸರು ಈ ಊರಲ್ಲಿ ಎಲ್ಲಾದ್ರೂ ಇದ್ಯಾ, ಹೇಳು. ಆ ಮುದುಕಿಗೆ ಅಷ್ಟು ದೂರದಿಂದ ಬರೋಕಾಗಲ್ಲ. ಹನ್ನೊಂದಕ್ಕೆ ವಿಚಾರಣೆ. ಬಸ್ಸು ಹಿಡಿದು ಬರೋ ಹೊತ್ತಿಗೆ ಎಲ್ಲ ಮುಗಿದಿರ್ತದೆ."

ಮೇಷ್ಟ್ರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಸುಕನ್ಯಾಳ ಸಂಕಟ ಹೆಚ್ಚಿತು. ಅಂಗಡಿಗೆ ಹೋದರೆ ಮನೆಗೆ ಹೋಗೋಣ ಅನ್ನಿಸುತ್ತಿತ್ತು. ಮನೆಗೆ ಬಂದರೆ ತಾಯಿಯ ಮುಖ ನೋಡಲಾಗುತ್ತಿರಲಿಲ್ಲ. ತಾಯಿ ಬದುಕಿದ್ದಕ್ಕೆ ತಾನು ಹುಟ್ಟಿದ್ದು, ತನ್ನ ಇಬ್ಬರು ಮಕ್ಕಳು ಹುಟ್ಟಿದ್ದು. ಅಜ್ಜಿ ಮಾಡಿದ್ದು ತಪ್ಪು ಎನ್ನಲು ತನಗೆ ಬಾಯಿಲ್ಲ. ಸರಿ ಎಂದರೆ ಸಂಕದ ಬಳಿ ನಿಂತ ಆ ಏಳು ವರ್ಷದ ಹುಡುಗಿ ಕಣ್ಣಿಗೆ ಬರುತ್ತಿದ್ದಳು. ನಡುನಡುವೆ ಮೇಷ್ಟ್ರ ಮಾತೂ ನೆನಪಾಗುತ್ತಿತ್ತು: ಬಸ್ಸಿನಲ್ಲಿ ಬರಲಾಗುವುದಿಲ್ಲ, ಮುಗಿದಿರುತ್ತದೆ. ಆ ಮಾತಿನಿಂದ ತನಗೆ ಸಮಾಧಾನವಾಗುತ್ತಿದೆ ಎಂದು ಗೊತ್ತಾದಾಗ ಅವಳಿಗೆ ನಾಚಿಕೆಯಾಯಿತು.

ವಿಚಾರಣೆಯ ಹಿಂದಿನ ದಿನ ಗಂಡನಿಗೆ ನಡೆದದ್ದೆಲ್ಲ ತಿಳಿಸಿ ಹೇಳಿದಳು: "ನಾಳೆ ಬೆಳಿಗ್ಗೆ ಹೊರನಾಡಿಗೆ ಹೋಗಿ ಕೃಷ್ಣಮ್ಮನ್ನ ಕರ್ಕೊಂಡು ಬನ್ನಿ."

ಬಾಲರಾಜ್ ನಗಲಿಲ್ಲ. "ತಲೆ ಸರಿ ಇದ್ಯಾ ನಿಂಗೆ? ನಿಮ್ಮಜ್ಜಿ ಹೆಸರು ಬೇಡ ಅನ್ನೋಕೆ ಬರೋರನ್ನ ನಮ್ಮ ಜೀಪಲ್ಲೇ ಕರ್ಕೊಂಡು ಬರೋದಾ?"

"ಒಂದ್ಸಲ ಅವರು ಕೂಗಿದ್ದು ಕೇಳಿಸಿಯೂ ನಮ್ಮೋರು ತಿರುಗಿ ನೋಡ್ಲಿಲ್ಲ. ಎರಡನೇ ಸಲ ನಾನು ಹಂಗೆ ಮಾಡಲ್ಲ."

ಅವನು ಬೆಳಿಗ್ಗೆ ಐದೂವರೆಗೆ ಹೊರಟ.

ಪಂಚಾಯಿತಿ ಸಭಾಂಗಣದಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ಅಧ್ಯಕ್ಷೆ, ಮುಖ್ಯಾಧಿಕಾರಿ, ಹತ್ತು ಮಂದಿ ಸದಸ್ಯರು. ಬಾಗಿಲಲ್ಲಿ ಕೃಷ್ಣಮ್ಮ ಬಾಲರಾಜನ ಕೈ ಹಿಡಿದು ಕಾಣಿಸಿಕೊಂಡಾಗ ಶಂಕರ ಮೇಷ್ಟ್ರು ಸುಕನ್ಯಾಳ ಕಡೆ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ಅವರೇ ಮುಖ ಆಚೆ ತಿರುಗಿಸಿಕೊಂಡರು.

ಮೊದಲು ಧರ್ಮೇಶ್ ಎದ್ದು, ಅಂಗಡಿಯಲ್ಲಿ ಹೇಳಿದ್ದನ್ನೇ ಇಲ್ಲಿಯೂ ಹೇಳಿ ಕುಳಿತ. ಆಮೇಲೆ ಕೃಷ್ಣಮ್ಮನಿಗೆ ಕುರ್ಚಿ ಹಾಕಿದರು. ಅವಳು ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತೇ, ಹಳ್ಳ, ಸಂಕ, ಬೆನ್ನ ಮೇಲಿನ ಕೂಸು, ಹನ್ನೊಂದು ಸಾವು ಎಲ್ಲವನ್ನೂ ಜಗುಲಿಯಲ್ಲಿ ಹೇಳಿದಂತೆಯೇ ಹೇಳಿದಳು.

ಸದಸ್ಯರೊಬ್ಬರು ಕೇಳಿದರು: "ಆ ಲೈನು ಯಾರ ಎಸ್ಟೇಟಿಂದು ಅಜ್ಜಿ?"

"ಬೊಮ್ಮಯ್ಯ ಗೌಡ್ರದ್ದು."

ಎಲ್ಲರೂ ಧರ್ಮೇಶನ ಕಡೆ ತಿರುಗಿದರು. ಅವನ ಮುಖ ಬಿಳುಚಿತ್ತು. ಅವನಿಗೂ ಇದು ಗೊತ್ತಿರಲಿಲ್ಲ ಎಂಬುದು ಸ್ಪಷ್ಟವಾಗಿತ್ತು.

"ಗೌಡ್ರು ಏನೂ ಮಾಡ್ಲಿಲ್ವಾ?"

"ಮಾಡ್ಲಿಲ್ಲ," ಎಂದಳು ಕೃಷ್ಣಮ್ಮ. "ಆದ್ರೆ ಗೌಡ್ರ ಮೇಲೆ ನಂಗೆ ಸಿಟ್ಟಿಲ್ಲ. ಅವರು ಬರ್ತಾರೆ ಅಂತ ನಾವು ಯಾವತ್ತೂ ಕಾದಿರ್ಲಿಲ್ಲ. ನಾವು ಕಾದಿದ್ದು ಅವಳಿಗೆ."

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಸರೋಜಮ್ಮ ಎದ್ದು ನಿಂತಿದ್ದಳು. ಬರುವುದಿಲ್ಲವೆಂದಿದ್ದವಳು ಯಾವಾಗ ಬಂದು ಕುಳಿತಿದ್ದಳೋ ಸುಕನ್ಯಾಳಿಗೆ ತಿಳಿದಿರಲಿಲ್ಲ. ಅವಳು ಯಾರ ಅಪ್ಪಣೆಯನ್ನೂ ಕೇಳದೆ ಸಾಲುಗಳ ನಡುವೆ ನಡೆದು ಮುಂದೆ ಬಂದಳು. ಸಭೆಯ ಕಡೆ ನೋಡಲೇ ಇಲ್ಲ. ಕೃಷ್ಣಮ್ಮನ ಎದುರು ನಿಂತು, ಮಾತ್ರೆಯ ಪೊಟ್ಟಣ, ಬೆಲ್ಲ, ಅಕ್ಕಿ ಮಡಕೆ, ಯಾವುದನ್ನೂ ಬಿಡದೆ ಹೇಳಿದಳು.

"ಬೆನ್ನ ಮೇಲಿದ್ದ ಕೂಸು ನೀನಾ?" ಎಂದಳು ಕೃಷ್ಣಮ್ಮ.

"ನಾನೇ."

ಕೃಷ್ಣಮ್ಮ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಕೈ ಎತ್ತಿ ಸರೋಜಮ್ಮನ ಭುಜದ ಹತ್ತಿರ ತಂದು, ಮುಟ್ಟದೆ ಇಳಿಸಿದಳು.

"ಬದುಕಿದ್ಯಲ್ಲ," ಎಂದಳು. ಅದು ಬೈಗುಳವೋ ಸಮಾಧಾನವೋ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಕುರ್ಚಿಯಲ್ಲಿ ಕುಳಿತಳು.

ಅಧ್ಯಕ್ಷೆ ತಗ್ಗಿದ ದನಿಯಲ್ಲಿ ಕೇಳಿದರು: "ಕೃಷ್ಣಮ್ಮನವರೇ, ಈಗ ನಿಮ್ಮ ಆಕ್ಷೇಪಣೆ ವಾಪಸು ತಗೊಳ್ತೀರಾ?"

"ಇಲ್ಲ. ಅದು ಹಂಗೇ ಇರ್ಲಿ. ನೀವು ಹೆಸರು ಇಡೋದಾದ್ರೆ ಇಡಿ, ನಿಮ್ಮಿಷ್ಟ. ಒಬ್ಬಳು ಬೇಡ ಅಂದ್ಲು, ಯಾಕಂದ್ಲು ಅನ್ನೋದೂ ಪುಸ್ತಕದಲ್ಲಿ ಇರ್ಬೇಕು."

ಮುಖ್ಯಾಧಿಕಾರಿ ಅದನ್ನು ಅವಳ ಮಾತಿನಲ್ಲೇ ಬರೆದುಕೊಂಡು, ಓದಿ ಹೇಳಿದರು. ಧರ್ಮೇಶ್ ಮತ್ತೆ ಎದ್ದ. "ನಂದು ವಾಪಸು ತಗೊಳ್ತೀನಿ," ಎಂದಷ್ಟೇ ಹೇಳಿ ಹೊರಗೆ ಹೋದ. ಕೈ ಎತ್ತಿಸಿದಾಗ ಏಳು ಕೈ ಎದ್ದವು, ನಾಲ್ಕು ಏಳಲಿಲ್ಲ. ಠರಾವು ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆಂದು ಹೇಳಿ ಸಭೆ ಮುಗಿಸಿದರು.

ಶಂಕರ ಮೇಷ್ಟ್ರು ಮೆಟ್ಟಿಲ ಬಳಿ ಸುಕನ್ಯಾಳಿಗೆ ಎದುರಾದರು. "ನಾನು ಹೆದರಿದ್ದು ಸುಳ್ಳಾಯ್ತು. ಆದ್ರೂ ನೀನು ಮಾಡಿದ್ದು ಸರಿ ಅಂತ ನಂಗಿನ್ನೂ ಅನ್ನಿಸ್ತಿಲ್ಲ ಕಣಮ್ಮ," ಎಂದರು. ಅವಳು, "ನಂಗೂ ಗೊತ್ತಿಲ್ಲ ಸಾರ್," ಎಂದಳು. ನಿಜವಾಗಿಯೂ ಗೊತ್ತಿರಲಿಲ್ಲ. ಗೆದ್ದ ಸಂತೋಷವೂ ಇರಲಿಲ್ಲ.

ಕೃಷ್ಣಮ್ಮನನ್ನು ಬಿಡಲು ಜೀಪು ಹೊರಟಾಗ ಸುಕನ್ಯಾ ಹತ್ತಿದಳು. ಸರೋಜಮ್ಮನೂ ಹಿಂದೆ ಹತ್ತಿ ಕುಳಿತಳು. ಬಾಳೂರು ದಾಟಿ ಒಂದು ತಿರುವಿನಲ್ಲಿ ಕೃಷ್ಣಮ್ಮ, "ಇಲ್ಲಿ ನಿಲ್ಲಿಸಪ್ಪ," ಎಂದಳು. ರಸ್ತೆಯ ಕೆಳಗೆ ಕಾಫಿ ಗಿಡಗಳು ಒತ್ತಾಗಿ ಇಳಿದುಹೋಗಿದ್ದವು. ಲೈನೂ ಇರಲಿಲ್ಲ, ಸಂಕವೂ ಇರಲಿಲ್ಲ. ಹಳ್ಳದ ಸದ್ದು ಕೇಳಿಸುತ್ತಿತ್ತು.

"ಅವರ ಹೆಸರೆಲ್ಲ ಹೇಳ್ತೀರಾ ಅಜ್ಜಿ?" ಎಂದಳು ಸುಕನ್ಯಾ. ಬ್ಯಾಗಿನಿಂದ ಅಳತೆ ಬರೆಯುವ ಪುಸ್ತಕ ತೆಗೆದಳು.

ಕೃಷ್ಣಮ್ಮ ಒಂದೊಂದು ಮನೆಯನ್ನೂ ಬೆರಳಿನಿಂದ ಗಾಳಿಯಲ್ಲಿ ತೋರಿಸುತ್ತ ಹೇಳಿದಳು. ಮೊದಲ ಮನೆಯ ದ್ಯಾವಿ. ಅವಳ ಗಂಡ ತಿಮ್ಮ. ಮೂರನೆಯ ಮನೆಯ ಅಣ್ಣಮ್ಮ, ಮಗಳು ಚೆಲುವಿ. ಕೊನೆಯ ಮನೆಯ ಕುಂಟ ಹುಚ್ಚ. ಅವ್ವ ಗಂಗೆ.

"ತಮ್ಮನ ಹೆಸರು?"

"ಇಟ್ಟಿರ್ಲಿಲ್ಲ. ಅವ್ವ ಹುಷಾರಾದ್ಮೇಲೆ ಇಡೋಣ ಅಂತಿದ್ರು."

ಸುಕನ್ಯಾ 'ಕೃಷ್ಣಮ್ಮನ ತಮ್ಮ' ಎಂದು ಬರೆದಳು. ಅಲ್ಲಿಗೆ ಏಳಾಯಿತು. ಉಳಿದ ನಾಲ್ವರು ಘಟ್ಟದ ಕೆಳಗಿನಿಂದ ಆ ವರ್ಷವಷ್ಟೇ ಕೆಲಸಕ್ಕೆ ಬಂದವರು. ಅವರ ಹೆಸರು ಕೃಷ್ಣಮ್ಮನಿಗೆ ಗೊತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಸರೋಜಮ್ಮ, "ಇನ್ನೊಂದ್ಸಲ ಓದು," ಎಂದಳು. ಸುಕನ್ಯಾ ಓದಿದಳು.

ಜಿಲ್ಲಾ ಕಚೇರಿಯ ಆದೇಶ ಐದನೆಯ ತಿಂಗಳಿಗೆ ಬಂತು. ಬೋರ್ಡು ಬದಲಾದ ದಿನ ಶಂಕರ ಮೇಷ್ಟ್ರು ಭಾಷಣ ಮಾಡಿದರು. ಅದರಲ್ಲಿ ಮೂರು ವಾರದ ಮಾತೂ ಇತ್ತು. ಸರೋಜಮ್ಮ ಹೋಗಲಿಲ್ಲ. ಸುಕನ್ಯಾ ಹೋಗಿ ಚಪ್ಪಾಳೆಯ ನಡುವೆ ನಿಂತಿದ್ದು, ಮುಗಿಯುವ ಮುಂಚೆಯೇ ಅಂಗಡಿಗೆ ಬಂದುಬಿಟ್ಟಳು.

ಈಗ ಭಾನುವಾರ ಬಂತೆಂದರೆ ಅವಳು ಗಂಡನ ಜೀಪಿನಲ್ಲಿ ಬಾಳೂರಿನ ಕಡೆ ಹೋಗುತ್ತಾಳೆ. ಹಳೇ ಲೈನುಗಳಲ್ಲಿ ಹುಟ್ಟಿದವರು ಯಾರು ಉಳಿದಿದ್ದಾರೆಂದು ಕೇಳುತ್ತಾಳೆ. ಕಳೆದ ವಾರ ಗುರುವಯ್ಯ ಎಂಬ ಎಂಬತ್ತೇಳು ವರ್ಷದ ಮುದುಕ ಸಿಕ್ಕಿದ. ಹುಲ್ಲಹಕ್ಲಿನ ಮೇಲಿನ ಲೈನಿನವನು. ಘಟ್ಟದ ಕೆಳಗಿನವರೇ, ಹೌದು, ನಾಲ್ವರು, ಎಂದ. ಒಬ್ಬ ಗಂಡಸು, ಮೂವರು ಹೆಂಗಸರು. ಗಂಡಸಿನ ಹೆಸರು ಐತಪ್ಪ. ಹೆಂಗಸರು ಬಂದು ಎರಡೇ ತಿಂಗಳಾಗಿತ್ತು, ಅವರವರಲ್ಲೇ ತುಳು ಮಾತಾಡಿಕೊಳ್ಳುತ್ತಿದ್ದರು, ಹೆಸರು ಕೇಳಿದ ನೆನಪಿಲ್ಲ.

"ಅವರ ಊರು ಯಾವ್ದು ಅಂತ ಗೊತ್ತಾ ಅಜ್ಜ?"

"ಬೆಳ್ತಂಗಡಿ ಕಡೆ ಅಂತಿದ್ರು," ಎಂದ ಗುರುವಯ್ಯ.

ಸುಕನ್ಯಾ ಅದನ್ನು ಬರೆದುಕೊಂಡು, ಜೀಪಿನ ಹತ್ತಿರ ಬಂದು, ಬೆಳ್ತಂಗಡಿಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಸ್ಸಿದೆ ಎಂದು ಗಂಡನನ್ನು ಕೇಳಿದಳು.